ಜಕಾರ್ತಾ, ಬಾಂಡುಂಗ್‌ನ ಹಳೆ ಪುಸ್ತಕದಂಗಡಿಗಳಲ್ಲಿ ಟಿನ್‌ಟಿನ್ ಹುಡುಕಿದ ಬಗೆ

ಯುರೋಪಿನ ಕಾಮಿಕ್ಸ್ ಬೇಕೆಂದರೆ ಯುರೋಪಿಗೇ ಹೋಗಬೇಕೆಂದೇನೂ ಇಲ್ಲ. ನನ್ನ ಕಪಾಟಿನಲ್ಲಿರುವ, ಫ್ರೆಂಚಿನಲ್ಲಿ ಹುಟ್ಟಿದ ಟಿನ್‌ಟಿನ್ (ನಾಯಿಯೊಡನೆ ಊರೂರು ಸುತ್ತುವ ತರುಣ ಪತ್ರಕರ್ತನ ಸಾಹಸಗಳು), ಆಸ್ಟರಿಕ್ಸ್ (ರೋಮನ್ನರನ್ನು ಗೋಳುಹುಯ್ದುಕೊಳ್ಳುವ ಹಳ್ಳಿ ವೀರನ ಕಥೆಗಳು) ಪುಸ್ತಕಗಳಲ್ಲಿ ಹೆಚ್ಚಿನವು ಬಂದಿರುವುದು ಜಕಾರ್ತಾ ಮತ್ತು ಬಾಂಡುಂಗ್‌ನ ಹಳೆ ಪುಸ್ತಕದಂಗಡಿಗಳಿಂದ, ಅದೂ ಇಂಡೊನೇಷ್ಯದ ಭಾಷೆಯಲ್ಲಿ. ಅವುಗಳ ಪಕ್ಕದಲ್ಲಿ ಇಸ್ತಾಂಬುಲ್‌ನಿಂದ ತಂದ ತುರ್ಕಿ ಭಾಷೆಯ ಲಕ್ಕಿ ಲ್ಯೂಕ್ ಎಂಬ ಕೌಬಾಯ್ ಕಾಮಿಕ್ಸ್, ಕೋಲ್ಕತ್ತದ ಬಂಗಾಳಿ ಟಿನ್‌ಟಿನ್, ಶಿವಕಾಶಿಯ ತಮಿಳು ಕಾಮಿಕ್ಸ್ ಇವೆ. ಇನ್ಯಾರಾದರೂ ಹೀಗೆ ಹುಡುಕಲು ಹೊರಟರೆ ಅನುಕೂಲವಾಗಲಿ ಎಂದು ನಾನು ಹುಡುಕಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ನನ್ನದು ಜವಳಿ ಯಂತ್ರಗಳ ಸರ್ವಿಸ್ ಕೆಲಸ. ಮಗ್ಗ ಎಲ್ಲಿ ಕೆಟ್ಟು ನಿಲ್ಲುತ್ತದೋ ಅಲ್ಲಿಗೆ ಹೋಗಬೇಕು: ತಿರುಪ್ಪೂರು, ಕೋಲ್ಕತ್ತದ ಸುತ್ತಮುತ್ತ, ಬಾಂಡುಂಗ್ ಹತ್ತಿರದ ಮಜಲಾಯ, ಇಸ್ತಾಂಬುಲ್. ರಿಪೇರಿ ಮುಗಿದ ಕೂಡಲೇ ಹೊರಟುಬರುವಂತಿಲ್ಲ. ಯಂತ್ರ ಸರಿಯಾಗಿ ಓಡುತ್ತಿದೆಯೇ ಎಂದು ಒಂದೆರಡು ದಿನ ನೋಡಿಕೊಂಡಿರಬೇಕು. ಆ ಸಂಜೆಗಳನ್ನೆಲ್ಲ ನಾನು ಪುಸ್ತಕದಂಗಡಿಗಳಿಗೆ ಕೊಟ್ಟಿದ್ದೇನೆ.

ಅನುವಾದವೇ ಏಕೆ ಬೇಕು, ಇಂಗ್ಲಿಷಿನಲ್ಲಿ ಚೆಂದವಾಗಿ ಸಿಗುತ್ತದಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ನಮ್ಮ ಕಾಲದಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಮ್ಯಾಂಡ್ರೇಕ್ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಹಳೆಯ ಸಂಚಿಕೆ ಕೈಗೆ ಸಿಕ್ಕರೆ ಈಗಲೂ ನಿಂತಲ್ಲೇ ಓದಿ ಮುಗಿಸುತ್ತೇನೆ. ಟಿನ್‌ಟಿನ್‌ನ ಗೆಳೆಯ, ಬೈಗುಳಕ್ಕೆ ಹೆಸರಾದ ಕ್ಯಾಪ್ಟನ್ ಹ್ಯಾಡಕ್ ಕನ್ನಡದಲ್ಲಿ ಬೈಯುವುದನ್ನು ಮಾತ್ರ ನಾನು ಕೇಳಿಲ್ಲ, ಅಂಥ ಪುಸ್ತಕ ನನ್ನ ಕೈಗೆ ಎಂದೂ ಬಂದಿಲ್ಲ. ಬೇರೆ ಬೇರೆ ಊರಿನ ಜನ ಅವನನ್ನು ತಮ್ಮ ಮನೆಯವನಾಗಿ ಹೇಗೆ ಮಾಡಿಕೊಂಡರು ಎಂದು ನೋಡುವ ಹಂಬಲ ನನಗೆ. ಅದನ್ನು ಹಿಡಿದೇ ಹುಡುಕುತ್ತೇನೆ.

ಇಂಡೊನೇಷ್ಯದ ಮಟ್ಟಿಗೆ ಹೊರಡುವ ಮುಂಚೆ ತಿಳಿದಿರಬೇಕಾದದ್ದು ಪ್ರಕಾಶಕರ ಹೆಸರು. ಅಂಗಡಿಗೆ ಹೋಗಿ ಬರೀ ‘ಟಿನ್‌ಟಿನ್ ಇದೆಯಾ’ ಎಂದರೆ ಹೊಸ ಪುಸ್ತಕ ಕೈಗಿಡುತ್ತಾರೆ. ‘ಟಿನ್‌ಟಿನ್ ಇಂದಿರಾ’ ಎಂದರೆ ಅಂಗಡಿಯವರ ಮುಖವೇ ಬೇರೆಯಾಗುತ್ತದೆ. ಇಂದಿರಾ ಎಂಬುದು 1970ರ ದಶಕದ ನಡುವಿನಿಂದ ಅಲ್ಲಿ ಟಿನ್‌ಟಿನ್ ತಂದ ಪ್ರಕಾಶನ. ಹೆಸರು ಕೇಳಿ ನಮ್ಮ ದೇಶದ್ದೇ ಇರಬೇಕು ಎಂದುಕೊಳ್ಳಬೇಡಿ, ಅದು ಜಕಾರ್ತಾದ್ದು. 2008ರಿಂದ ಗ್ರಾಮೇದಿಯಾ ಎಂಬ ದೊಡ್ಡ ಸಂಸ್ಥೆ ಹೊಸದಾಗಿ ಅನುವಾದ ಮಾಡಿಸಿ ಚಿಕ್ಕ ಆಕಾರದಲ್ಲಿ ಹೊರತಂದಿತು. ಆಸ್ಟರಿಕ್ಸ್ ಬೇಕಿದ್ದರೆ ಸಿನಾರ್ ಹರಾಪನ್ ಎಂದು ಕೇಳಬೇಕು. ಬಾಹ್ಯಾಕಾಶದ ಕಥೆಗಳು, ಅಂದರೆ ಡಾನ್ ಲಾರೆನ್ಸ್ ಬರೆದ ಚಿತ್ರಗಳ ಟ್ರಿಗನ್, ಸ್ಟಾರ್ಮ್ ಮುಂತಾದವಕ್ಕೆ ಮಿಸುರಿಂಡ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಅಲ್ಲಿಯ ಭಾಷೆಗೆ ರೋಮನ್ ಲಿಪಿ ಇರುವುದರಿಂದ ನಮಗೆ ಓದಲು ತೊಡಕಿಲ್ಲ.

ಆಡುಮಾತು ಕೂಡ ಸ್ವಲ್ಪ ಬೇಕು. ‘ಕೊಮಿಕ್ ಬೆಕಾಸ್’ ಅಂದರೆ ಬಳಸಿದ ಕಾಮಿಕ್ಸ್. ‘ಬೆರಾಪಾ’ ಅಂದರೆ ಎಷ್ಟು. ‘ಬೀಸಾ ಕುರಾಂಗ್’ ಅಂದರೆ ಕಡಿಮೆ ಮಾಡ್ತೀರಾ. ಹಿರಿಯ ಗಂಡಸರನ್ನು ‘ಪಾಕ್’ ಎಂದೂ ಹಿರಿಯ ಹೆಂಗಸರನ್ನು ‘ಬು’ ಎಂದೂ ಕರೆಯಬೇಕು. ಹೀಗೆ ಕರೆದು ಮಾತಿಗಿಳಿದರೆ ಚೌಕಾಸಿಯೂ ಹಿತವಾಗಿ ನಡೆಯುತ್ತದೆ.

ಜಕಾರ್ತಾದಲ್ಲಿ ನಾನು ಹೋಗುವುದು ಬ್ಲಾಕ್ ಎಂ ಸ್ಕ್ವೇರ್ ಎಂಬ ಮಾಲ್‌ನ ನೆಲಮಾಳಿಗೆಗೆ. ಹಿಂದೆ ಹಳೆ ಪುಸ್ತಕಕ್ಕೆ ಕ್ವಿತಾಂಗ್ ರಸ್ತೆ ಹೆಸರಾಗಿತ್ತು. ಅಲ್ಲಿನ ಬೀದಿಬದಿ ಅಂಗಡಿಗಳನ್ನು ಎಬ್ಬಿಸಿದ ಮೇಲೆ ಹಲವರು ಇಲ್ಲಿಗೆ ಬಂದು ನೆಲೆನಿಂತರು. ಮೇಲೆ ಬಟ್ಟೆ, ಮೊಬೈಲು, ಗಲಾಟೆ. ಕೆಳಗಿಳಿದರೆ ಸಾಲು ಸಾಲು ಪುಟ್ಟ ಮಳಿಗೆಗಳು, ನೆಲದಿಂದ ಚಾವಣಿಯವರೆಗೆ ಪುಸ್ತಕ. 2019ರಿಂದ ಮೆಟ್ರೊ ಇರುವುದರಿಂದ ಜಕಾರ್ತಾದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳದೆ ತಲುಪಬಹುದು. ಇಲ್ಲಿ ಬೆಲೆ ಹೆಚ್ಚು. ಯಾವ ಪುಸ್ತಕಕ್ಕೆ ಎಷ್ಟು ಹಸಿವಿದೆ ಎಂದು ಇವರಿಗೆ ಗೊತ್ತು. ಆದರೂ ಮೊದಲ ಸಲ ಹೋಗುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು, ಯಾಕೆಂದರೆ ಏನೇನು ಅಚ್ಚಾಗಿತ್ತು ಎಂಬುದರ ಅಂದಾಜು ಒಂದೇ ಕಡೆ ಸಿಗುತ್ತದೆ.

ನನಗೆ ಅಚ್ಚುಮೆಚ್ಚು ಬಾಂಡುಂಗ್‌ನ ಪಲಾಸಾರಿ. ಅದು ಪುಸ್ತಕಗಳದೇ ಸಂತೆ. ಶಾಲಾ ಕಾಲೇಜು ಪಠ್ಯಪುಸ್ತಕಗಳ ವ್ಯಾಪಾರವೇ ಅಲ್ಲಿ ಮುಖ್ಯ, ನಮ್ಮ ಅವೆನ್ಯೂ ರಸ್ತೆಯ ಹಾಗೆ. ಮುಂದಿನ ಸಾಲಿನಲ್ಲಿ ಕಾಮಿಕ್ಸ್ ಹುಡುಕಿದರೆ ಸಿಗುವುದಿಲ್ಲ. ಒಳಗಿನ ಓಣಿಗಳಿಗೆ ನುಗ್ಗಬೇಕು. ಹಳೆಯ ವಾರಪತ್ರಿಕೆಗಳನ್ನು ಕಂತೆ ಕಟ್ಟಿ ಪೇರಿಸಿಟ್ಟಿರುವ ಅಂಗಡಿ ಕಂಡರೆ ನಿಲ್ಲಬೇಕು. ಪತ್ರಿಕೆ ಇಟ್ಟವರ ಬಳಿ ಕಾಮಿಕ್ಸ್ ಇದ್ದೇ ಇರುತ್ತದೆ, ಎರಡೂ ಒಂದೇ ಮನೆಯ ಅಟ್ಟದಿಂದ ಒಂದೇ ದಿನ ರದ್ದಿಗೆ ಬಿದ್ದಿರುತ್ತವೆ.

ಅಂಥ ಒಂದು ಅಂಗಡಿಯ ಯಜಮಾನರು ಎಪ್ಪತ್ತು ದಾಟಿದವರು. ನಾನು ಚೀಟಿ ತೋರಿಸಿದೆ. ಅವರು ಕನ್ನಡಕ ಮೂಗಿಗೆ ಇಳಿಸಿ ಓದಿ, ಏನೂ ಹೇಳದೆ ಮರದ ಏಣಿ ಹತ್ತಿ ಮೇಲಿನ ಹಲಗೆಯಿಂದ ರಟ್ಟಿನ ಪೆಟ್ಟಿಗೆ ಇಳಿಸಿದರು. ಒಳಗೆ ಪ್ಲಾಸ್ಟಿಕ್ ಹೊದಿಸಿದ ಇಂದಿರಾ ಟಿನ್‌ಟಿನ್‌ಗಳು. ‘ದಾರಿ ಮಾನಾ?’ ಎಂದು ಕೇಳಿದರು, ಎಲ್ಲಿಯವನು ಎಂದು. ‘ಇಂಡಿಯಾ, ಪಾಕ್’ ಎಂದೆ. ಭಾರತದವನು ನಮ್ಮ ಭಾಷೆಯ ಟಿನ್‌ಟಿನ್ ಹುಡುಕುವುದು ಯಾಕೆ ಎಂದು ಅವರಿಗೆ ಅಚ್ಚರಿ. ಜೊತೆಗಿದ್ದ ಗಿರಣಿಯ ಹುಡುಗ ನನ್ನ ಉತ್ತರವನ್ನು ಆ ಸೀಮೆಯ ಸುಂಡಾ ಭಾಷೆಯಲ್ಲಿ ವಿವರಿಸಿದ. ಅವರು ಒಂದು ಸ್ಟೂಲು ಸರಿಸಿ, ಕೂತು ನಿಧಾನವಾಗಿ ನೋಡಿ ಎಂದು ಕೈಸನ್ನೆ ಮಾಡಿದರು. ಮಳೆ ಬಿದ್ದು ಕರೆಂಟು ಹೋದಾಗ ಟಾರ್ಚು ತಂದು ಹಿಡಿದರು.

ಆ ಪೆಟ್ಟಿಗೆಯಲ್ಲಿದ್ದ ಪ್ರತಿಗಳಲ್ಲಿ ಕೆಲವದರ ಮೇಲೆ ‘ತಮಾನ್ ಬಚಾಆನ್’ ಎಂಬ ಸೀಲು ಇತ್ತು. ತಮಾನ್ ಬಚಾಆನ್ ಅಂದರೆ ದಿನದ ಬಾಡಿಗೆಗೆ ಪುಸ್ತಕ ಕೊಡುವ ಕಡೆ. ನಮ್ಮ ಊರುಗಳಲ್ಲಿ ಓಣಿಗೊಂದು ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯನ್ನು ನೆನಪಿಸಿಕೊಳ್ಳಿ, ಅದೇ. ಬಾಡಿಗೆ ಪ್ರತಿಯನ್ನು ಗುರುತಿಸುವುದು ಸುಲಭ. ಮೂಲ ರಕ್ಷಾಪುಟದ ಮೇಲೆ ದಪ್ಪ ರಟ್ಟು ಅಂಟಿಸಿ, ಬೆನ್ನಿಗೆ ಮೂರು ಕಡೆ ತೂತು ಕೊರೆದು ದಾರದಲ್ಲಿ ಹೊಲಿದಿರುತ್ತಾರೆ. ಪುಸ್ತಕದ ಸಂಖ್ಯೆಯನ್ನು ಮೊದಲ ಪುಟದಲ್ಲಿ, ನಡುವೆ, ಕೊನೆಯಲ್ಲಿ ಇಂಕಿನಲ್ಲಿ ಬರೆದಿರುತ್ತಾರೆ. ಹೊಲಿಗೆ ಒಳಗೆ ಹೋಗಿರುವುದರಿಂದ ಬೆನ್ನಿನ ಹತ್ತಿರದ ಚಿತ್ರಚೌಕಗಳ ಅಂಚು ಕಾಣುವುದಿಲ್ಲ, ಪುಸ್ತಕವನ್ನು ಬಲವಾಗಿ ಅಗಲಿಸಿದರೆ ಕಾಗದ ಹರಿಯುತ್ತದೆ. ಸಂಗ್ರಾಹಕರು ಇಂಥ ಪ್ರತಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಅಗ್ಗ. ನಾನು ಬೇಕೆಂದೇ ಇವನ್ನು ಕೊಳ್ಳುತ್ತೇನೆ. ಎಷ್ಟು ಮಕ್ಕಳ ಬೆರಳು ಆ ಪುಟದ ಮೂಲೆಯನ್ನು ಮಡಿಸಿದೆ ಎಂಬುದು ಅಲ್ಲೇ ಕಾಣುತ್ತದೆ. ಕೊನೆಯ ಪುಟ ಇದೆಯೇ ಎಂದು ಮಾತ್ರ ಮೊದಲು ನೋಡಿಬಿಡಿ, ಬಾಡಿಗೆ ಪ್ರತಿಗಳಲ್ಲಿ ಹೆಚ್ಚು ಹರಿದುಹೋಗುವುದು ಅದೇ. ಟಿನ್‌ಟಿನ್ ಕಥೆ 62 ಪುಟಕ್ಕೆ ಮುಗಿಯುತ್ತದೆ, ಆಸ್ಟರಿಕ್ಸ್ ಪುಸ್ತಕ ಸಾಮಾನ್ಯವಾಗಿ 48 ಪುಟದ್ದು. ಈ ಲೆಕ್ಕ ತಲೆಯಲ್ಲಿದ್ದರೆ ಬೇಗ ಪರೀಕ್ಷೆ ಮಾಡಬಹುದು.

ಪರೀಕ್ಷೆಯ ವಿಷಯ ಇನ್ನಷ್ಟು ಹೇಳಬೇಕು. ಜಾವಾದ ಸೆಕೆ, ತೇವ ಕಾಗದಕ್ಕೆ ಶತ್ರು. ಪ್ಲಾಸ್ಟಿಕ್ ಹೊದಿಕೆ ಇದ್ದರೆ ಬಿಚ್ಚಿ ಮೂಸಿ ನೋಡುತ್ತೇನೆ. ಬರೀ ಹಳೆ ಕಾಗದದ ವಾಸನೆಯಾದರೆ ಪರವಾಗಿಲ್ಲ. ಮುಗ್ಗಲು ವಾಸನೆ ಇದ್ದು, ಬೆನ್ನಿನ ಒಳಗಡೆ ಬೂದು ಬಣ್ಣದ ಬೂಸ್ಟು ಕಂಡರೆ ಎಷ್ಟೇ ಅಪರೂಪದ್ದಾದರೂ ಬಿಡುತ್ತೇನೆ, ಅದು ಮನೆಯ ಕಪಾಟಿನ ಉಳಿದ ಪುಸ್ತಕಗಳಿಗೂ ಹಬ್ಬುತ್ತದೆ. ಆಮೇಲೆ ಮುದ್ರಣದ ವಿವರದ ಪುಟ. ‘ಚೆತಾಕಾನ್ ಪೆರ್ತಾಮಾ’ ಎಂದಿದ್ದರೆ ಮೊದಲ ಮುದ್ರಣ, ಪಕ್ಕದಲ್ಲೇ ಇಸವಿ ಇರುತ್ತದೆ. ಇನ್ನೊಂದು ಎಚ್ಚರಿಕೆ, ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚುಹಾಕಿದ್ದನ್ನೂ ಮಾರುತ್ತಾರೆ. ‘ರೆಪ್ರೊ’ ಎಂದು ಬಾಯಿಬಿಟ್ಟು ಹೇಳಿಯೇ ಮಾರುವವರು ಇದ್ದಾರೆ, ಹೇಳದವರೂ ಇದ್ದಾರೆ. ನೂಲಿನ ಎಣಿಕೆ ನೋಡಲು ನನ್ನ ಚೀಲದಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಅದನ್ನೇ ಚಿತ್ರದ ಮೇಲೆ ಹಿಡಿಯುತ್ತೇನೆ. ಮೂಲ ಮುದ್ರಣದಲ್ಲಿ ಅಕ್ಷರದ ಕಪ್ಪು ಗೆರೆ ಒಂದೇ ಸಮ ಗಟ್ಟಿಯಾಗಿರುತ್ತದೆ. ರೆಪ್ರೊದಲ್ಲಿ ಆ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ.

ಅಕ್ಷರದ ಗೆರೆ ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಇಂಥ ಆಲ್ಬಂಗಳಲ್ಲಿ, ಅಂದರೆ ದೊಡ್ಡ ಆಕಾರದ ಕಾಮಿಕ್ಸ್ ಪುಸ್ತಕಗಳಲ್ಲಿ, ಬಣ್ಣ ಅಚ್ಚೊತ್ತುವ ಪ್ಲೇಟುಗಳು ಎಲ್ಲ ಭಾಷೆಗೂ ಒಂದೇ. ಮಾತು ಇರುವ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೆ ತಕ್ಕಂತೆ ಬದಲಿಸುತ್ತಾರೆ. ಒಂದೇ ಮುದ್ರಣಾಲಯದಲ್ಲಿ ಹಲವು ಭಾಷೆಗಳ ಪ್ರತಿಗಳನ್ನು ಒಟ್ಟಿಗೆ ಅಚ್ಚು ಹಾಕುವುದೂ ಉಂಟು. ಇದರಿಂದ ಖರ್ಚು ಉಳಿಯುತ್ತದೆ, ಆದರೆ ಅನುವಾದಕರ ಕೈ ಕಟ್ಟಿಹಾಕಿದಂತಾಗುತ್ತದೆ. ಮಾತಿನ ಗುಳ್ಳೆಯ ಅಳತೆ ಫ್ರೆಂಚಿಗೆಂದು ಬರೆದದ್ದು. ಇಂಡೊನೇಷ್ಯದ ಭಾಷೆಯಲ್ಲಿ ಪದಕ್ಕೆ ಹಿಂದೆ ಮುಂದೆ ಪ್ರತ್ಯಯ ಸೇರಿ ಉದ್ದವಾಗುತ್ತದೆ. ಅದನ್ನು ಆ ಪುಟ್ಟ ಗುಳ್ಳೆಯಲ್ಲಿ ಕೂರಿಸಬೇಕು, ನಗುವೂ ಬರಬೇಕು. ಇಂಡೊನೇಷ್ಯದ ಆಸ್ಟರಿಕ್ಸ್ ಅನುವಾದಕಿ ರಹಾರ್ತತಿ ಬಂಬಾಂಗ್ ಹರ್ಯೊ ಅವರ ಹೆಸರನ್ನು ಅಲ್ಲಿನ ಓದುಗರು ಇವತ್ತಿಗೂ ಪ್ರೀತಿಯಿಂದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅವರಿಗೆ ಇರುವ ಗೌರವ ಅದು. ಅನುವಾದಕರ ಹೆಸರು ಹಿಡಿದು ಓದುಗರು ಪುಸ್ತಕ ಕೇಳುತ್ತಾರೆ ಎಂಬುದನ್ನು ನಾನು ಮೊದಲು ಕಂಡದ್ದು ಈ ಅಂಗಡಿಗಳಲ್ಲೇ, ನನಗೆ ತುಂಬ ಸಂತೋಷವಾಯಿತು.

ಮನೆಯಲ್ಲಿ ಕೂತು ಟಿನ್‌ಟಿನ್‌ನ ಒಂದು ಪುಟಕ್ಕೆ ಪಾರದರ್ಶಕ ಹಾಳೆ ಹೊದಿಸಿ, ಅದರ ಮೇಲೆ ಕನ್ನಡ ಮಾತು ಬರೆದು ನೋಡಿದ್ದೇನೆ. ಅಡ್ಡಕ್ಕೆ ಜಾಗ ಸಾಕಾಗುತ್ತದೆ. ಕಷ್ಟವಾಗುವುದು ಎತ್ತರ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ, ಸಾಲುಗಳ ನಡುವೆ ಅಂತರ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ರೋಮನ್ ಅಕ್ಷರದ ಐದು ಸಾಲು ಹಿಡಿಯುವ ಗುಳ್ಳೆಯಲ್ಲಿ ಕನ್ನಡದ್ದು ನಾಲ್ಕೇ ಹಿಡಿದವು. ಮಾತನ್ನು ಅಷ್ಟಕ್ಕೇ ಬಿಗಿ ಮಾಡಿದಾಗ ಅದು ಇನ್ನೂ ಚುರುಕಾಯಿತು. ಬಂಗಾಳಿಯವರು ಇದನ್ನು 1975ರಿಂದಲೇ ‘ಆನಂದಮೇಳ’ ಪತ್ರಿಕೆಯಲ್ಲಿ ಮಾಡಿ ತೋರಿಸಿದ್ದಾರೆ. ಕವಿ ನೀರೇಂದ್ರನಾಥ ಚಕ್ರವರ್ತಿಯವರೇ ಅನುವಾದಕ್ಕೆ ಕೂತರು, ಟಿನ್‌ಟಿನ್‌ನ ನಾಯಿ ಅಲ್ಲಿ ಕುಟ್ಟುಸ್ ಆಯಿತು. ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನಲ್ಲಿ ಆ ಆಲ್ಬಂಗಳು ಈಗಲೂ ಹೊಸದಾಗಿಯೇ ಸಿಗುತ್ತವೆ, ಹುಡುಕುವ ಶ್ರಮವೇ ಇಲ್ಲ.

ಇಂಡೊನೇಷ್ಯದಲ್ಲಿ ಹಳೆಯ ಅನುವಾದ ಬೇಕೋ ಹೊಸದೋ ಎಂಬುದನ್ನು ಮೊದಲೇ ಯೋಚಿಸಿಕೊಳ್ಳಿ. ಇಂದಿರಾ ಪ್ರತಿಗಳಲ್ಲಿ ಇಂಗ್ಲಿಷಿನ ಹೆಸರುಗಳೇ ಉಳಿದಿವೆ: ಸ್ನೋಯಿ, ಪ್ರೊಫೆಸರ್ ಕ್ಯಾಲ್ಕುಲಸ್. ಗ್ರಾಮೇದಿಯಾದಲ್ಲಿ ನಾಯಿ ಮಿಲೊ, ಪ್ರೊಫೆಸರರು ಲಕ್ಮುಸ್. ಭಾಷೆ ಗೊತ್ತಿರುವ ಸ್ನೇಹಿತರು ಹೊಸ ಅನುವಾದ ಮೂಲಕ್ಕೆ ಹತ್ತಿರ ಎನ್ನುತ್ತಾರೆ. ಆದರೆ ಐವತ್ತು ದಾಟಿದವರನ್ನು ಕೇಳಿ, ಇಂದಿರಾ ಬಿಟ್ಟು ಬೇರೆ ಮಾತೇ ಇಲ್ಲ. ನನ್ನ ಒಲವೂ ಆ ಕಡೆಗೇ. ದೊಡ್ಡ ಆಕಾರದ ಪುಟದಲ್ಲಿ ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ ಬರೆದ ಗೆರೆ ಉಸಿರಾಡುತ್ತದೆ, ಚಿಕ್ಕ ಪುಸ್ತಕದಲ್ಲಿ ಹಿನ್ನೆಲೆಯ ವಿವರಗಳೆಲ್ಲ ಇಕ್ಕಟ್ಟಾಗುತ್ತವೆ.

ಜಕಾರ್ತಾಕ್ಕೆ ಹೋದವರು ತಪ್ಪದೆ ಹುಡುಕಬೇಕಾದ ಒಂದು ಪುಸ್ತಕ ‘ಪೆನೆರ್ಬಾಂಗನ್ 714’, ಇಂಗ್ಲಿಷಿನ ‘ಫ್ಲೈಟ್ 714’. ಮೂಲ ಆಲ್ಬಂ ಬಂದದ್ದು 1968ರಲ್ಲಿ. ಟಿನ್‌ಟಿನ್ ಮತ್ತು ಸಂಗಡಿಗರು ಸಿಡ್ನಿಗೆ ಹೋಗುವ ದಾರಿಯಲ್ಲಿ ಜಕಾರ್ತಾದ ಕೆಮಾಯೊರಾನ್ ವಿಮಾನ ನಿಲ್ದಾಣದಲ್ಲಿ ಇಳಿಯುವುದರಿಂದಲೇ ಕಥೆ ಶುರು. ಆ ನಿಲ್ದಾಣ 1985ರಲ್ಲಿ ಮುಚ್ಚಿತು. ನಿಯಂತ್ರಣ ಗೋಪುರ ಮಾತ್ರ ಇನ್ನೂ ನಿಂತಿದೆ, ಸುತ್ತ ಹೊಸ ಕಟ್ಟಡಗಳು ಎದ್ದಿವೆ. ನಾನು ಪುಸ್ತಕವನ್ನು ಕೈಯಲ್ಲಿ ಹಿಡಿದು ಆ ಗೋಪುರದ ಎದುರು ನಿಂತು ಚಿತ್ರ ಹೋಲಿಸಿ ನೋಡಿದೆ. ಬೆಲ್ಜಿಯಂನ ಚಿತ್ರಕಾರ ಬರೆದ ಊರಿನಲ್ಲಿ, ಆ ಊರಿನವರದೇ ಭಾಷೆಯಲ್ಲಿ ಆ ಕಥೆ ಓದುವ ಸುಖ ಬೇರೆ ಕಡೆ ಸಿಗಲಾರದು. ಅಂಗಡಿಯವರಿಗೂ ಇದು ಗೊತ್ತು. ಉಳಿದವುಗಳಿಗಿಂತ ಈ ಪುಸ್ತಕಕ್ಕೆ ಬೆಲೆ ಜಾಸ್ತಿ ಹೇಳುತ್ತಾರೆ, ಬಗ್ಗುವುದೂ ಕಡಿಮೆ.

ಆಲ್ಬಂಗಳಷ್ಟೇ ಅಲ್ಲ, ಪತ್ರಿಕೆಗಳ ಕಡೆಗೂ ಕಣ್ಣಿರಲಿ. 1977ರಲ್ಲಿ ಶುರುವಾದ ‘ಹಾಯ್’ ಪತ್ರಿಕೆಯಲ್ಲಿ ಟ್ರಿಗನ್, ಸ್ಟಾರ್ಮ್ ಧಾರಾವಾಹಿಯಾಗಿ ಬರುತ್ತಿದ್ದವು. ಹಲವು ಸಂಚಿಕೆ ಸೇರಿಸಿ ಬೈಂಡ್ ಮಾಡಿಸಿದ್ದಕ್ಕೆ ಅಲ್ಲಿ ‘ಬುಂಡೆಲ್’ ಎನ್ನುತ್ತಾರೆ. ಒಂದು ಬುಂಡೆಲ್ ಕೊಂಡರೆ ಕಾಮಿಕ್ಸ್ ಜೊತೆಗೆ ಆ ಕಾಲದ ಜಾಹೀರಾತು, ಓದುಗರ ಪತ್ರ, ಸಂಗೀತದ ಸುದ್ದಿ ಎಲ್ಲ ಸಿಗುತ್ತದೆ. ತೂಕ ಮಾತ್ರ ಭಾರಿ.

ಅಂಗಡಿ ಸುತ್ತಲು ಸಮಯವಿಲ್ಲದಿದ್ದರೆ ಟೊಕೊಪೇಡಿಯಾ ಆ್ಯಪ್‌ನಲ್ಲಿ ಹುಡುಕಬಹುದು. ಮಾರುವವರಲ್ಲಿ ಬಹಳ ಮಂದಿ ಹೊರದೇಶಕ್ಕೆ ಕಳಿಸುವುದಿಲ್ಲ. ಹಾಗಾಗಿ ಊರು ತಲುಪಿದ ದಿನವೇ ಆರ್ಡರ್ ಮಾಡಿ ಹೋಟೆಲಿನ ವಿಳಾಸ ಕೊಡುತ್ತೇನೆ, ಹಣವನ್ನು ಗಿರಣಿಯ ಸ್ಥಳೀಯ ಸ್ನೇಹಿತರ ಮೂಲಕ ಕಟ್ಟಿಸುತ್ತೇನೆ. ಬೆನ್ನು, ನಾಲ್ಕು ಮೂಲೆ, ಕೊನೆಯ ಪುಟ, ಇಷ್ಟರ ಫೋಟೊ ಕೇಳಿ ತರಿಸಿಕೊಳ್ಳದೆ ದುಡ್ಡು ಕೊಡುವುದಿಲ್ಲ.

ಇಸ್ತಾಂಬುಲ್‌ನ ಕಥೆ ಚಿಕ್ಕದು. ಅಲ್ಲಿ ನನಗೆ ಹೆಚ್ಚು ಸಿಕ್ಕಿದ್ದು ಬೆಯೊಗ್ಲುವಿನ ಅಸ್ಲಿಹಾನ್ ಪಸಾಜಿನಲ್ಲಿ. ಇಸ್ತಿಕ್ಲಾಲ್ ರಸ್ತೆಯಲ್ಲಿ ಗಲಾತಸರಾಯ್ ಹತ್ತಿರ ಒಳಗೆ ತಿರುಗಿದರೆ ಎರಡೂ ಕಡೆ ಹಳೆ ಪುಸ್ತಕದವರು. ಏಷ್ಯಾ ಬದಿಯ ಕಡಿಕೊಯ್‌ನಲ್ಲಿ ಅಕ್ಮಾರ್ ಪಸಾಜ್ ಕೂಡ ಒಳ್ಳೆಯ ಜಾಗ. ಲಕ್ಕಿ ಲ್ಯೂಕ್ ಎಂದು ಕೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸುತ್ತಾರೆ, ಅಲ್ಲಿ ಅವನು ರೆಡ್ ಕಿಟ್, ಅವನ ಕುದುರೆ ದುಲ್ದುಲ್. ಆದರೆ ತುರ್ಕಿಯ ಜನ ಹುಚ್ಚರಂತೆ ಪ್ರೀತಿಸುವುದು ಇಟಲಿಯ ಕಾಮಿಕ್ಸ್‌ಗಳನ್ನು. 1961ರಲ್ಲಿ ಹುಟ್ಟಿದ ಝಾಗೋರ್, 1948ರ ಟೆಕ್ಸ್, ಇವೆಲ್ಲ ಅಲ್ಲಿ ಇಂದಿಗೂ ಹೊಸದಾಗಿ ಅಚ್ಚಾಗುತ್ತವೆ. ಹಳೆಯ ‘ಟೆಕ್ಸಸ್’, ‘ಟೊಮ್ಮಿಕ್ಸ್’ ಪತ್ರಿಕೆಗಳ ಹೆಸರೇ ಒಂದು ತಲೆಮಾರಿಗೆ ಕಾಮಿಕ್ಸ್‌ಗೆ ಪರ್ಯಾಯ ಪದವಾಗಿತ್ತು. ಅವುಗಳ ಬೈಂಡ್ ಮಾಡಿದ ಸಂಪುಟಗಳ ಬೆಲೆ ನನ್ನ ಕೈಗೆ ಎಟುಕದು. ನಾನು ಬಿಡಿ ಸಂಚಿಕೆಗಳಲ್ಲೇ ತೃಪ್ತ.

ಇದೇ ಟೆಕ್ಸ್ ನಮಗೆ ತೀರ ಹತ್ತಿರದಲ್ಲೂ ಸಿಗುತ್ತಾನೆ. 1972ರಲ್ಲಿ ಶುರುವಾದ ಮುತ್ತು ಕಾಮಿಕ್ಸ್, 1984ರ ಲಯನ್ ಕಾಮಿಕ್ಸ್ ಎರಡೂ ಶಿವಕಾಶಿಯವು; ಟೆಕ್ಸ್, ಲಕ್ಕಿ ಲ್ಯೂಕ್, ಬ್ಲೂಬೆರಿ ಎಲ್ಲರೂ ಅಲ್ಲಿ ತಮಿಳು ಮಾತಾಡುತ್ತಾರೆ. ತಿರುಪ್ಪೂರಿಗೆ ಕೆಲಸದ ಮೇಲೆ ಹೋಗುವ ನಮ್ಮವರು ಈರೋಡಿನ ಪುಸ್ತಕ ಜಾತ್ರೆಯ ಸಮಯ ನೋಡಿಕೊಂಡು ಹೋದರೆ ಒಂದೇ ಕಡೆ ಕೊಳ್ಳಬಹುದು, ಆ ಓದುಗರೊಂದಿಗೆ ಮಾತಾಡಲೂಬಹುದು.

ಹೊತ್ತು ತರುವುದಕ್ಕೆ ನಾನು ಕಂಡುಕೊಂಡ ಉಪಾಯವಿಷ್ಟೆ. ಆಲ್ಬಂಗಳು ದೊಡ್ಡ ಆಕಾರದವು, ಮೂಲೆ ಬೇಗ ನಜ್ಜುಗುಜ್ಜಾಗುತ್ತವೆ. ಐದಾರು ಪುಸ್ತಕಗಳನ್ನು ಒಂದರ ಬೆನ್ನು ಈ ಬದಿಗೆ, ಮುಂದಿನದರ ಬೆನ್ನು ಆ ಬದಿಗೆ ಬರುವಂತೆ ಜೋಡಿಸಿ, ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು, ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುಮಧ್ಯೆ ಮಲಗಿಸುತ್ತೇನೆ. ನಿಲ್ಲಿಸಿ ಇಡುವುದಿಲ್ಲ. ಬಾಡಿಗೆ ಪ್ರತಿಗಳು ಮತ್ತು ಬುಂಡೆಲ್ ಕೈಚೀಲಕ್ಕೆ. ಮನೆಗೆ ಬಂದ ಮೇಲೆ ನೇರವಾಗಿ ಕಪಾಟಿಗೆ ಸೇರಿಸುವುದಿಲ್ಲ, ಫ್ಯಾನಿನ ಕೆಳಗೆ ಪುಟ ಬಿಡಿಸಿ ನೆರಳಿನಲ್ಲಿ ಕೆಲವು ದಿನ ಆರಿಸುತ್ತೇನೆ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ.

ಮುಂದಿನ ಸಲ ಕೆಲಸ ಸುರಬಾಯಾ ಕಡೆಗೆ ಬಂದರೆ ಅಲ್ಲಿನ ಜಾಲನ್ ಸೆಮರಾಂಗ್ ರಸ್ತೆಯ ಹಳೆ ಪುಸ್ತಕದ ಸಾಲಿಗೆ ಹೋಗಬೇಕೆಂದಿದ್ದೇನೆ. ಯೋಗ್ಯಕರ್ತಾದಲ್ಲಿ ತಮಾನ್ ಪಿಂತಾರ್ ಪಕ್ಕದ ಪುಸ್ತಕ ಮಾರುಕಟ್ಟೆಯೂ ನೋಡುವುದು ಬಾಕಿ. ಚೀಟಿಯಲ್ಲಿ ಈಗ ಬರೆದಿರುವುದು ಟಿನ್‌ಟಿನ್‌ನ ‘ರಹಾಸ್ಯಾ ಕಪಾಲ್ ಯುನಿಕಾರ್ನ್’ (ಯುನಿಕಾರ್ನ್ ಹಡಗಿನ ರಹಸ್ಯ), ಇಂದಿರಾ ಮುದ್ರಣ. ಅದರ ಮುಂದಿನ ಭಾಗ ಪಲಾಸಾರಿಯ ಯಜಮಾನರ ಪೆಟ್ಟಿಗೆಯಲ್ಲಿ ಸಿಕ್ಕಿತ್ತು, ಮೊದಲ ಭಾಗ ಇನ್ನೂ ಸಿಕ್ಕಿಲ್ಲ. ಅವರೂ ಹುಡುಕುತ್ತಿದ್ದಾರೆ, ಸಿಕ್ಕರೆ ಗಿರಣಿಯ ಹುಡುಗನ ಕೈಯಲ್ಲಿ ಹೇಳಿ ಕಳಿಸುತ್ತೇನೆ ಎಂದಿದ್ದಾರೆ.